ಮೇ ತಿಂಗಳ ಮಧ್ಯಾಹ್ನ ಕಂಪ್ಯೂಟರ್ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ಹೊಸಪೇಟೆಯಲ್ಲಿ ನಮ್ಮದೊಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಮೇಲೆ ತಗಡಿನ ಶೀಟು. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಎರಡು ಗಂಟೆಯ ಮೇಲೆ ಕಂಪ್ಯೂಟರ್ ನಿಧಾನವಾಗುತ್ತದೆ, ಆಮೇಲೆ ತಾನಾಗಿಯೇ ಆಫ್ ಆಗುತ್ತದೆ. ಸಂಡೂರಿನ ಹತ್ತಿರ ವೇ ಬ್ರಿಡ್ಜ್ ಆಫೀಸಿನಲ್ಲಿರುವ ನನ್ನ ತಮ್ಮನದೂ ಇದೇ ಗೋಳು. ಕಂಪ್ಲಿಯಲ್ಲಿ ರೈಸ್ ಮಿಲ್ ನೋಡಿಕೊಳ್ಳುವ ನಮ್ಮ ಮಾವನವರು ಹೊಸ ಕಂಪ್ಯೂಟರ್ ತೆಗೆದುಕೊಳ್ಳಬೇಕು ಅಂತಿದ್ದಾರೆ. ಸದ್ಯಕ್ಕೆ ನಾನು ಸಿಪಿಯು ಡಬ್ಬಿಯ ಬದಿಯ ತಗಡು ಬಿಚ್ಚಿ ಟೇಬಲ್ ಫ್ಯಾನ್ ಹಚ್ಚಿಟ್ಟಿದ್ದೇನೆ. ಇದು ಸರಿಯೇ? ದೊಡ್ಡ ಹೀಟ್‌ಸಿಂಕ್ ಹಾಕಿಸಲೇ, ಫ್ಯಾನ್ ಹೆಚ್ಚಿಸಲೇ, ನೀರಿನ ಕೂಲಿಂಗ್ ಹಾಕಿಸಲೇ?

ಉತ್ತರ: ಏನನ್ನೂ ಕೊಳ್ಳುವ ಮೊದಲು ಎರಡು ಅಂಕಿ ಬರೆದಿಟ್ಟುಕೊಳ್ಳಿ. ಒಂದು, ಡಬ್ಬಿಯ ಪಕ್ಕದಲ್ಲಿ ಕೋಣೆಯ ಉಷ್ಣಾಂಶ. ಗೋಡೆಗೆ ತೂಗುಹಾಕುವ ಸಾದಾ ಥರ್ಮಾಮೀಟರ್ ಸಾಕು. ಇನ್ನೊಂದು, ಕೆಲಸ ನಡೆಯುತ್ತಿರುವಾಗ ಪ್ರೊಸೆಸರ್‌ನ ಉಷ್ಣಾಂಶ. ಎಚ್‌ಡಬ್ಲ್ಯೂ ಮಾನಿಟರ್‌ನಂಥ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಉಳಿದ ಅಂಕಿಯಲ್ಲಿ ನಿಮ್ಮ ಯಂತ್ರದ ಆರೋಗ್ಯ ಇದೆ.

ಯಾಕೆ ಹೇಳುತ್ತೇನೆ ನೋಡಿ. ಚೆನ್ನಾಗಿರುವ ಒಂದು ಕಂಪ್ಯೂಟರ್‌ನಲ್ಲಿ ಈ ಅಂತರ 35 ಡಿಗ್ರಿ ಎಂದುಕೊಳ್ಳೋಣ. ಜನವರಿಯಲ್ಲಿ ಕೋಣೆ 28 ಇದ್ದರೆ ಪ್ರೊಸೆಸರ್ 63ರಲ್ಲಿರುತ್ತದೆ. ಮೇ ತಿಂಗಳಲ್ಲಿ ತಗಡಿನ ಶೀಟಿನ ಕೆಳಗೆ ಕೋಣೆ 42 ಆದರೆ ಅದು 77ಕ್ಕೆ ಏರುತ್ತದೆ, ಅಷ್ಟೆ. ಏನೂ ಆಗುವುದಿಲ್ಲ. ಈಗ ಧೂಳು ಕಟ್ಟಿಕೊಂಡು ಅಂತರ 58 ಆಗಿದೆ ಎನ್ನಿ. ಜನವರಿಯಲ್ಲಿ ಪ್ರೊಸೆಸರ್ 86ರಲ್ಲಿ ಓಡುತ್ತಿರುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಮೇನಲ್ಲಿ ಅದೇ ಯಂತ್ರ 100 ಮುಟ್ಟುತ್ತದೆ. ಬಹಳಷ್ಟು ಇಂಟೆಲ್ ಪ್ರೊಸೆಸರ್‌ಗಳಿಗೆ 100 ಡಿಗ್ರಿಯೇ ಗೆರೆ. ಎಎಂಡಿಯ ಹಲವಕ್ಕೆ 90ರಿಂದ 95. ಆ ಗೆರೆ ಮುಟ್ಟಿದೊಡನೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ನಿಮಗೆ ಕಾಣುವ ‘ನಿಧಾನ’ ಅದೇ. ಆಮೇಲೂ ಬಿಸಿ ಇಳಿಯದಿದ್ದರೆ ಕರೆಂಟ್ ಕಡಿದುಕೊಳ್ಳುತ್ತದೆ. ಅಂದರೆ ತೊಂದರೆ ಜನವರಿಯಲ್ಲೇ ಮನೆ ಮಾಡಿತ್ತು, ಬೇಸಿಗೆ ಅದನ್ನು ಬಯಲಿಗೆ ತಂದಿತು. ಆಫ್ ಆಗುವ ಹೊತ್ತಿಗೆ ಪ್ರೊಸೆಸರ್ 80 ಕೂಡ ದಾಟಿಲ್ಲ ಎಂದು ಕಂಡರೆ ಮಾತ್ರ ಹುಡುಕಬೇಕಾದ್ದು ಬೇರೆ ಕಡೆ: ಎಸ್‌ಎಂಪಿಎಸ್ ಅಥವಾ ಯುಪಿಎಸ್.

ಇಷ್ಟು ಚಿಕ್ಕ ಚಿಪ್ಪಿಗೆ ಇಷ್ಟೊಂದು ರಗಳೆ ಯಾಕೆ? 1981ರಲ್ಲಿ ಬಂದ ಐಬಿಎಂ ಪಿಸಿಯ ಪ್ರೊಸೆಸರ್ ಮೇಲೆ ಹೀಟ್‌ಸಿಂಕ್ ಎಂಬುದೇ ಇರಲಿಲ್ಲ. ಇವತ್ತು ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್ ಮೇಲೆ 65 ವ್ಯಾಟ್ ಎಂದು ಬರೆದಿರುತ್ತದೆ, ಭಾರೀ ಕೆಲಸದಲ್ಲಿ ಅದಕ್ಕಿಂತ ಹೆಚ್ಚೂ ಎಳೆಯುತ್ತದೆ. 65 ವ್ಯಾಟ್ ಎಂದರೆ ಹಳೆಯ ಕಾಲದ ಒಂದು ಬಲ್ಬು, ದೊಡ್ಡದೇನಲ್ಲ. ಆದರೆ ಅದು ಹೊರಡುವುದು ಒಂದೂವರೆ ಚದರ ಸೆಂಟಿಮೀಟರಿನಷ್ಟು, ಹೆಬ್ಬೆರಳಿನ ಉಗುರಿನಷ್ಟು ಸಿಲಿಕಾನ್ ತುಣುಕಿನಿಂದ. ಇಸ್ತ್ರಿ ಪೆಟ್ಟಿಗೆಯನ್ನು ತೆಗೆದುಕೊಳ್ಳಿ: 1000 ವ್ಯಾಟ್, ತಳ ಸುಮಾರು 200 ಚದರ ಸೆಂಟಿಮೀಟರ್, ಚದರ ಸೆಂಟಿಮೀಟರಿಗೆ 5 ವ್ಯಾಟ್. ಪ್ರೊಸೆಸರ್‌ನಲ್ಲಿ ಅದೇ ಲೆಕ್ಕ 40 ದಾಟುತ್ತದೆ. ಈ ಚಿಪ್ಪಿನ ಮೇಲಿರುವ ಲೋಹದ ಮುಚ್ಚಳಕ್ಕೆ ನೇರವಾಗಿ ಫ್ಯಾನ್ ಬಿಟ್ಟರೆ ಹೋಗುವ ಬಿಸಿ ನಾಲ್ಕೈದು ವ್ಯಾಟ್ ಮಾತ್ರ. ಗಾಳಿ ಬಹಳ ಸೋಮಾರಿ, ಬಿಸಿ ಹೊರುವುದರಲ್ಲಿ ಅದಕ್ಕೆ ಶಕ್ತಿಯೇ ಸಾಲದು. ಅದಕ್ಕೆ ಉಳಿದಿರುವ ದಾರಿ ಒಂದೇ, ಗಾಳಿಗೆ ಮುಟ್ಟಲು ಸಿಗುವ ಮೈಯನ್ನು ನೂರಾರು ಪಟ್ಟು ಹಿಗ್ಗಿಸುವುದು. ಹೀಟ್‌ಸಿಂಕ್‌ನ ತೆಳ್ಳನೆಯ ಫಿನ್‌ಗಳೆಲ್ಲ ಇರುವುದು ಅದಕ್ಕಾಗಿ.

ಹೀಟ್‌ಸಿಂಕ್ ಬಿಸಿಯನ್ನು ‘ಹೀರಿಟ್ಟುಕೊಳ್ಳುತ್ತದೆ’ ಎಂದು ಅನೇಕರು ತಿಳಿದಿದ್ದಾರೆ. ಹಂಪಿಯಲ್ಲಿ ಸೂರ್ಯಾಸ್ತ ನೋಡಲು ಹೇಮಕೂಟದ ಬಂಡೆಯ ಮೇಲೆ ಕೂತವರಿಗೆ ಬಿಸಿ ಹೀರಿಟ್ಟುಕೊಳ್ಳುವುದು ಎಂದರೇನು ಅಂತ ಚೆನ್ನಾಗಿ ಗೊತ್ತು. ಹೊತ್ತು ಮುಳುಗಿದ ಮೇಲೂ ಕಲ್ಲು ಸುಡುತ್ತಲೇ ಇರುತ್ತದೆ. ಟನ್‌ಗಟ್ಟಲೆ ತೂಕದ ಗ್ರಾನೈಟ್ ಇಡೀ ದಿನದ ಬಿಸಿಲನ್ನು ಒಳಗಿಟ್ಟುಕೊಂಡು ರಾತ್ರಿ ನಿಧಾನವಾಗಿ ಬಿಡುತ್ತದೆ. ನಿಮ್ಮ ಪ್ರೊಸೆಸರ್ ಮೇಲಿರುವ ಅಲ್ಯೂಮಿನಿಯಂ ತೂಗಿದರೆ 200 ಗ್ರಾಂ ಆಸುಪಾಸು. ಫ್ಯಾನ್ ನಿಂತುಹೋಯಿತು, ಗಾಳಿ ಬಿಸಿಯನ್ನು ಒಯ್ಯುತ್ತಲೇ ಇಲ್ಲ ಎಂದುಕೊಂಡು ಲೆಕ್ಕ ಹಾಕಿದರೆ, 65 ವ್ಯಾಟ್ ಬಿಸಿಗೆ ಆ 200 ಗ್ರಾಂ ಲೋಹ 40ರಿಂದ 100 ಡಿಗ್ರಿಗೆ ಏರಲು ಮೂರು ನಿಮಿಷವೂ ಬೇಡ. ಹಾಗಾಗಿ ಹೀಟ್‌ಸಿಂಕ್‌ನಲ್ಲಿ ಬಿಸಿ ನಿಲ್ಲಬಾರದು, ಹಾದುಹೋಗಬೇಕು. ಚಿಪ್ಪಿನಿಂದ ನಡುವೆ ಹಚ್ಚಿರುವ ಥರ್ಮಲ್ ಪೇಸ್ಟಿಗೆ, ಪೇಸ್ಟಿನಿಂದ ಲೋಹಕ್ಕೆ, ಲೋಹದಿಂದ ಗಾಳಿಗೆ, ಆ ಗಾಳಿ ಡಬ್ಬಿಯಿಂದ ಹೊರಗೆ. ಈ ನಾಲ್ಕರಲ್ಲಿ ಒಂದು ಕಡೆ ಕಟ್ಟಿಕೊಂಡರೂ ಉಳಿದ ಮೂರು ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಫಿನ್‌ಗಳ ವಿನ್ಯಾಸ ಅರ್ಥವಾಗಬೇಕಾದರೆ ಹೊಲಗಳಲ್ಲಿ ಕಂಬದ ಮೇಲೆ ನಿಂತಿರುವ ಜೆಸ್ಕಾಂನ ಟ್ರಾನ್ಸ್‌ಫಾರ್ಮರ್, ಅಂದರೆ ಟಿ.ಸಿ.ಯನ್ನು ಸ್ವಲ್ಪ ಹೊತ್ತು ನೋಡಿ. ಅದೂ ಹೀಟ್‌ಸಿಂಕೇ. ಒಳಗಿನ ಸುರುಳಿ ಕಾಯುತ್ತದೆ, ಸುತ್ತಲಿನ ಎಣ್ಣೆ ಬಿಸಿಯಾಗಿ ಹಗುರಾಗಿ ಮೇಲೇರುತ್ತದೆ, ಬದಿಯ ಚಪ್ಪಟೆ ರೇಡಿಯೇಟರ್‌ಗಳಲ್ಲಿ ಇಳಿಯುತ್ತಾ ಹೊರಗಿನ ಗಾಳಿಗೆ ಬಿಸಿ ಬಿಟ್ಟು ಕೆಳಗಿನಿಂದ ಮತ್ತೆ ಒಳಗೆ ಸೇರುತ್ತದೆ. ಫ್ಯಾನ್ ಇಲ್ಲ, ಪಂಪ್ ಇಲ್ಲ. ಅದಕ್ಕೇ ಆ ರೇಡಿಯೇಟರ್‌ಗಳು ನೆಟ್ಟಗೆ ನಿಂತಿರುತ್ತವೆ, ನಡುವೆ ಧಾರಾಳ ಸಂದು ಇರುತ್ತದೆ. ಕಾದ ಗಾಳಿ ತನ್ನ ಹಗುರತನವೊಂದರಿಂದಲೇ ಮೇಲೇರಿ ಹೋಗಬೇಕಾದಾಗ ಸಂದು ಕಿರಿದಾದರೆ ಅದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಉಪಕೇಂದ್ರಗಳ ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಇಂಥದೇ ರೇಡಿಯೇಟರ್‌ಗಳಿಗೆ ಫ್ಯಾನ್ ಜೋಡಿಸಿ ಹೆಚ್ಚಿನ ಲೋಡ್ ಹೊರಿಸುವುದುಂಟು.

ಕಂಪ್ಯೂಟರ್‌ನಲ್ಲಿ ಜಾಗವಿಲ್ಲ. ಅಂಗೈಯಗಲದಲ್ಲಿ ಎಲ್ಲ ಮುಗಿಯಬೇಕು. ಆದ್ದರಿಂದ ಫಿನ್‌ಗಳನ್ನು ಸುಮಾರು 2 ಮಿಲಿಮೀಟರ್ ಸಂದಿನಲ್ಲಿ ಒತ್ತೊತ್ತಾಗಿ ಜೋಡಿಸಿ ಫ್ಯಾನ್‌ನಿಂದ ಗಾಳಿಯನ್ನು ಬಲವಂತವಾಗಿ ನುಗ್ಗಿಸುತ್ತಾರೆ. ಲೋಹದ ಮೈಗೆ ಅಂಟಿಕೊಂಡಂತೆ ಗಾಳಿಯ ಒಂದು ತೆಳ್ಳನೆ ಪದರ ಯಾವಾಗಲೂ ಮಂದವಾಗಿ ನಿಂತಿರುತ್ತದೆ. ಬಿಸಿಗೆ ಅದೇ ಅಡ್ಡಗೋಡೆ. ವೇಗವಾಗಿ ಬೀಸಿದಷ್ಟೂ ಆ ಪದರ ತೆಳುವಾಗುತ್ತದೆ. ಹೀಗೆ ಫ್ಯಾನ್ ನಂಬಿ ಮಾಡಿದ ಹೀಟ್‌ಸಿಂಕ್‌ಗೆ ಫ್ಯಾನ್ ಇಲ್ಲದಿದ್ದರೆ ಅಕ್ಕಪಕ್ಕದ ಫಿನ್‌ಗಳ ಎರಡು ಪದರ ಸೇರಿ ಇಡೀ ಸಂದನ್ನೇ ತುಂಬಿಬಿಡುತ್ತವೆ. ಧೂಳು ಮೆತ್ತಿಕೊಂಡಾಗಲೂ ಆಗುವುದು ಇದೇ. ಸಂದು 2 ಮಿಲಿಮೀಟರ್ ಇರುವಾಗ ಅದನ್ನು ಮುಚ್ಚಲು ಎಷ್ಟು ಧೂಳು ಬೇಕು ಹೇಳಿ.

ಆ ಧೂಳು ಎಲ್ಲಿಂದ ಬರುತ್ತದೆ ಎಂಬುದಕ್ಕೂ ಒಂದು ಲೆಕ್ಕ ಹಾಕೋಣ. ನಿಮ್ಮ ಡಬ್ಬಿಯೊಳಗೆ ಒಟ್ಟು 150 ವ್ಯಾಟ್ ಬಿಸಿ ಹುಟ್ಟುತ್ತದೆ, ಹಾದುಹೋಗುವ ಗಾಳಿ 10 ಡಿಗ್ರಿಗಿಂತ ಹೆಚ್ಚು ಕಾಯಬಾರದು ಎಂದರೆ ಸೆಕೆಂಡಿಗೆ ಸುಮಾರು 14 ಲೀಟರ್ ಗಾಳಿ ಬೇಕು. ಗಂಟೆಗೆ 50 ಘನ ಮೀಟರ್. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಎಂದರೆ 1,20,000 ಘನ ಮೀಟರ್. ನಮ್ಮ ದೇಶದ 2009ರ ಗಾಳಿ ಗುಣಮಟ್ಟದ ಮಾನದಂಡದ ಪ್ರಕಾರ ಸೂಕ್ಷ್ಮ ಧೂಳಿಗೆ 24 ಗಂಟೆಯ ಸರಾಸರಿ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ಸರಿಯಾಗಿ ಆ ಮಿತಿಯಲ್ಲೇ ಇರುವ ಗಾಳಿ ಕೂಡ ವರ್ಷಕ್ಕೆ 12 ಗ್ರಾಂ ಧೂಳನ್ನು ನಿಮ್ಮ ಡಬ್ಬಿಯ ಮೂಲಕ ಸಾಗಿಸುತ್ತದೆ. ಅದಿರು ಲಾರಿಗಳು ಓಡಾಡುವ ರಸ್ತೆಯ ಪಕ್ಕದ ವೇ ಬ್ರಿಡ್ಜ್ ಆಫೀಸಿನ ಗತಿ ಏನೆಂದು ನಿಮ್ಮ ತಮ್ಮನವರೇ ಬಲ್ಲರು.

ಮೇಲಿಂದ ನೋಡಿ ‘ಕ್ಲೀನಾಗಿದೆ’ ಎಂದುಕೊಳ್ಳಬೇಡಿ. ಯಂತ್ರ ಆಫ್ ಮಾಡಿ, ಪ್ಲಗ್ ಕಿತ್ತು, ಪ್ರೊಸೆಸರ್ ಮೇಲಿನ ಫ್ಯಾನ್‌ನ ಎಸಳುಗಳ ನಡುವೆ ಟಾರ್ಚ್ ಬಿಡಿ. ಧೂಳು ಕೂರುವುದು ಫ್ಯಾನ್ ಮತ್ತು ಫಿನ್ ಸೇರುವ ಜಾಗದಲ್ಲಿ. ಎಸಳಿನ ಅಂಚಿನಲ್ಲಿ ಒಂದು ಗೆರೆ ಮಣ್ಣು, ಅದರ ಕೆಳಗೆ ಫಿನ್‌ಗಳ ತಲೆಯ ಮೇಲೆ ಕಂಬಳಿಯಂತೆ ಹೆಣೆದುಕೊಂಡ ಒಂದು ಪದರ. ಬೆರಳಿನಿಂದ ಎಬ್ಬಿಸಿದರೆ ಉದ್ದಕ್ಕೆ ಪಟ್ಟಿಯಾಗಿ ಬರುತ್ತದೆ. ಝೆರಾಕ್ಸ್ ಅಂಗಡಿಯಾದ್ದರಿಂದ ಕಾಗದದ ನಾರು ಮತ್ತು ಟೋನರ್ ಪುಡಿಯೂ ಅದರಲ್ಲಿರುತ್ತವೆ. ಪುಡಿಯನ್ನು ಕಾಗದಕ್ಕೆ ಕರಗಿಸಿ ಹಚ್ಚುವ ಝೆರಾಕ್ಸ್ ಯಂತ್ರದ ರೋಲರ್ 200 ಡಿಗ್ರಿಯ ಹತ್ತಿರ ಕಾಯುತ್ತದೆ. ಆ ಯಂತ್ರದ ಬಿಸಿಗಾಳಿ ಹೊರಬರುವ ಕಡೆ ಡಬ್ಬಿ ಇಟ್ಟಿದ್ದರೆ ಇವತ್ತೇ ಜಾಗ ಬದಲಿಸಿ.

ಈ ಧೂಳು ತೆಗೆಯಲು ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಒತ್ತಿ ಹಿಡಿಯಬೇಕು. ಬಿಟ್ಟರೆ ಅದು ತಾಳಲಾರದ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಗಾಳಿಯನ್ನು ಫ್ಯಾನ್ ಕಡೆಯಿಂದ ಒಳಕ್ಕೆ ಬಿಟ್ಟರೆ ಕಂಬಳಿ ಇನ್ನೂ ಒಳಗೆ ಹೂತುಕೊಳ್ಳುತ್ತದೆ, ಬದಿಯಿಂದ ಹೊರಮುಖವಾಗಿ ಬಿಡಿ. ಅಂಗಡಿಯ ಹೊರಗೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಾಡಿ. ಹೀಟ್‌ಸಿಂಕ್ ಬಿಚ್ಚಿದ್ದೇ ಆದರೆ ಹಳೆಯ ಥರ್ಮಲ್ ಪೇಸ್ಟ್ ಪೂರ್ತಿ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಹಾಕಿ ಕೂರಿಸಬೇಕು. ಆ ಪೇಸ್ಟಿನ ಕೆಲಸ ಎರಡು ಲೋಹದ ಮೈಗಳ ನಡುವಿನ ಕಣ್ಣಿಗೆ ಕಾಣದ ಗುಂಡಿಗಳಿಂದ ಗಾಳಿಯನ್ನು ಹೊರಹಾಕುವುದು. ಬಿಸಿ ದಾಟಿಸುವುದರಲ್ಲಿ ಅಲ್ಯೂಮಿನಿಯಂಗೆ 200ಕ್ಕಿಂತ ಮೇಲೆ ಅಂಕ ಕೊಟ್ಟರೆ ಒಳ್ಳೆಯ ಪೇಸ್ಟಿಗೆ ಹತ್ತರೊಳಗೆ, ನಿಂತ ಗಾಳಿಗೆ 0.03 ಕೂಡ ಇಲ್ಲ. ಆದ್ದರಿಂದ ಪೇಸ್ಟ್ ಬೇಕೇ ಬೇಕು, ಆದರೆ ದಪ್ಪಗೆ ಮೆತ್ತಿದರೆ ಅದೇ ತಡೆಯಾಗುತ್ತದೆ. ಎಎಂಡಿ ಯಂತ್ರವಾದರೆ ಹತ್ತು ನಿಮಿಷ ಓಡಿಸಿ ಬಿಸಿಯಾದ ಮೇಲೆ ಆಫ್ ಮಾಡಿ, ಹೀಟ್‌ಸಿಂಕನ್ನು ಮೆಲ್ಲಗೆ ತಿರುಚಿ ತೆಗೆಯಿರಿ. ಪೇಸ್ಟ್ ಒಣಗಿ ಹಿಡಿದುಕೊಂಡಿದ್ದರೆ ಪ್ರೊಸೆಸರ್ರೇ ಸಾಕೆಟ್ಟಿನಿಂದ ಕಿತ್ತುಬಂದು ಕಾಲುಗಳು ಬಾಗಿದ್ದುಂಟು.

ಇನ್ನು ನಿಮ್ಮ ಟೇಬಲ್ ಫ್ಯಾನ್. ಅದು ತಂಪು ಮಾಡುವುದು ನಿಜ. ತಗಡು ಬಿಚ್ಚಿ ಗಾಳಿ ಬಿಟ್ಟ ಕೂಡಲೇ ಅಂಕಿ ಇಳಿಯುವುದನ್ನು ನೀವೇ ನೋಡಿರುತ್ತೀರಿ. ಒಂದು ವಾರ ಕೆಲಸ ಸಾಗಿಸಲು ತೊಂದರೆಯಿಲ್ಲ. ಆದರೆ ಅದು ನೂಕುವ ಗಾಳಿ ಡಬ್ಬಿಗೆ ಬೇಕಾದ್ದಕ್ಕಿಂತ ಹತ್ತಾರು ಪಟ್ಟು ಹೆಚ್ಚು, ಅಷ್ಟೇ ಪಟ್ಟು ಧೂಳೂ ಅದರ ಜೊತೆಗೆ. ಅಂದರೆ ಈ ಬೇಸಿಗೆಗೆ ಪರಿಹಾರ ಅನ್ನಿಸಿದ್ದು ಮುಂದಿನ ಬೇಸಿಗೆಯ ರೋಗಕ್ಕೆ ಬೀಜ. ಬಾಗಿಲು ತೆರೆದ ಡಬ್ಬಿಗೆ ಹಲ್ಲಿ ನುಗ್ಗಿ ಬೋರ್ಡ್ ಶಾರ್ಟ್ ಆಗುವುದೂ ನಮ್ಮ ಕಡೆ ಹೊಸದಲ್ಲ. ಅಲ್ಲದೆ ಬಾಗಿಲು ಮುಚ್ಚಿದಾಗ ಮುಂದಿನಿಂದ ಒಳಬಂದು ಹಿಂದಿನಿಂದ ಹೊರಹೋಗುವ ಗಾಳಿ ಹಾದಿಯಲ್ಲಿ ಮೆಮೊರಿ, ಹಾರ್ಡ್ ಡಿಸ್ಕ್, ಪ್ರೊಸೆಸರ್‌ಗೆ ಕರೆಂಟ್ ಹದ ಮಾಡಿ ಕೊಡುವ ಬಿಡಿಭಾಗಗಳು ಎಲ್ಲವನ್ನೂ ಸವರಿಕೊಂಡು ಹೋಗುತ್ತದೆ. ಬಾಗಿಲು ತೆಗೆದರೆ ಆ ಹಾದಿ ಮುರಿಯುತ್ತದೆ.

ಆದ್ದರಿಂದ ಬಾಗಿಲು ಮುಚ್ಚಿ, ಹಾದಿ ಸರಿಮಾಡಿ. ಮುಂದೆ ಕೆಳಗೆ ಒಂದು 120 ಮಿಲಿಮೀಟರ್ ಫ್ಯಾನ್ ಒಳಕ್ಕೆ, ಹಿಂದೆ ಮೇಲೆ ಒಂದು ಹೊರಕ್ಕೆ. ಮೇಲಿನ ಲೆಕ್ಕದ 14 ಲೀಟರಿಗೆ ಇಷ್ಟು ಸಾಕು. ನಾಲ್ಕೈದು ಬಣ್ಣದ ದೀಪದ ಫ್ಯಾನ್‌ಗಳನ್ನು ಸಿಕ್ಕ ಕಡೆಯೆಲ್ಲ ಹಾಕಿಸಿದರೆ ಒಂದರ ಗಾಳಿಯನ್ನು ಇನ್ನೊಂದು ಎಳೆದುಕೊಂಡು ಡಬ್ಬಿಯೊಳಗೇ ಸುತ್ತು ಹೊಡೆಯುತ್ತದೆ. ಫ್ಯಾನ್ ಎತ್ತ ಬೀಸುತ್ತದೆ ಎಂದು ಅನುಮಾನವಿದ್ದರೆ ಊದುಬತ್ತಿ ಹಚ್ಚಿ ಡಬ್ಬಿಯ ಸಂದುಗಳ ಬಳಿ ಹಿಡಿಯಿರಿ. ಮುಂದಿನ ಜಾಲರಿಯಲ್ಲಿ ಹೊಗೆ ಒಳಕ್ಕೆ ಹೋಗಬೇಕು, ಹಿಂದೆ ಚದುರಿ ದೂರ ಹೋಗಬೇಕು. ಇನ್ನು ಹಿಂಬದಿಯ ಕಾರ್ಡ್ ಸಂದುಗಳು, ತಗಡಿನ ಕೀಲುಗಳ ಬಳಿ ಹಿಡಿದು ನೋಡಿ. ಅಲ್ಲಿ ಹೊಗೆ ಒಳಕ್ಕೆ ಹೋಗುತ್ತಿದ್ದರೆ ಹೊರಹಾಕುವ ಫ್ಯಾನ್‌ನ ಬಲ ಹೆಚ್ಚಿದೆ, ಪ್ರತಿಯೊಂದು ಸಂದಿನಿಂದಲೂ ಸೋಸದ ಧೂಳು ಒಳಸೇರುತ್ತಿದೆ ಎಂದರ್ಥ. ಒಳತರುವ ಫ್ಯಾನ್ ತುಸು ಬಲವಾಗಿದ್ದು, ಅದರ ಮುಂದೆ ತೊಳೆಯಬಹುದಾದ ನೈಲಾನ್ ಜಾಲರಿ ಇರಲಿ. ಆಗ ಸಂದುಗಳಿಂದ ಗಾಳಿ ಹೊರಕ್ಕೆ ಸೋರುತ್ತದೆಯೇ ಹೊರತು ಧೂಳು ಒಳಬರುವುದಿಲ್ಲ.

‘ಬಿಸಿ ಗಾಳಿ ಮೇಲೇರುತ್ತದೆ, ಹಾಗಾಗಿ ಡಬ್ಬಿಯ ತಲೆಯ ಮೇಲೇ ಫ್ಯಾನ್ ಇರಬೇಕು’ ಎಂದು ಅಂಗಡಿಯವರು ಹೇಳಬಹುದು. ಒಂದೂವರೆ ಅಡಿ ಎತ್ತರದ ಡಬ್ಬಿಯಲ್ಲಿ 10 ಡಿಗ್ರಿ ಹೆಚ್ಚು ಕಾದ ಗಾಳಿ ಮೇಲೇರುವ ಒತ್ತಡ ಸುಮಾರು 0.15 ಪಾಸ್ಕಲ್. ಸಾಧಾರಣ ಫ್ಯಾನ್ ಹುಟ್ಟಿಸುವ ಒತ್ತಡ 10ರಿಂದ 20 ಪಾಸ್ಕಲ್. ಟಿ.ಸಿ.ಗೆ ಆ ಸಣ್ಣ ಒತ್ತಡವೇ ಜೀವಾಳ. ನಿಮ್ಮ ಡಬ್ಬಿಗೆ ಅದು ಲೆಕ್ಕಕ್ಕಿಲ್ಲ. ಫ್ಯಾನ್ ತಲೆಯ ಮೇಲಿರಲಿ ಹಿಂದಿರಲಿ, ಹೊರಬಂದ ಬಿಸಿಗಾಳಿ ಮತ್ತೆ ಮುಂದಿನ ಜಾಲರಿಗೆ ಬಾರದಂತೆ ನೋಡಿಕೊಳ್ಳುವುದು ಮುಖ್ಯ. ಕಂಪ್ಯೂಟರ್ ಟೇಬಲ್ಲಿನ ಮೂರು ಕಡೆ ಮುಚ್ಚಿದ ಗೂಡಿನಲ್ಲಿ ಆಗುವುದು ಸರಿಯಾಗಿ ಇದೇ, ಬಿಟ್ಟ ಬಿಸಿಯನ್ನೇ ಮತ್ತೆ ಉಸಿರಾಡುವುದು. ಗೂಡಿನಿಂದ ಹೊರಗೆ ತೆಗೆದು, ನೆಲದಿಂದ ಎರಡಡಿ ಎತ್ತರಿಸಿ, ಗೋಡೆಯಿಂದ ಗೇಣು ದೂರದಲ್ಲಿಡಿ. ಕಾಸು ಖರ್ಚಿಲ್ಲದ ಈ ಕೆಲಸದಿಂದ ಎಷ್ಟೋ ಯಂತ್ರಗಳು ಬದುಕಿಕೊಳ್ಳುತ್ತವೆ.

ಕೋಣೆಯ ಉಷ್ಣಾಂಶ ಒಂದು ಡಿಗ್ರಿ ಇಳಿದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಯಾವ ಫ್ಯಾನೂ ಹೀಟ್‌ಸಿಂಕೂ ಕೋಣೆಗಿಂತ ಕೆಳಗೆ ಇಳಿಸಲಾರದು. ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಒಳಬರುವ ಗಾಳಿ 18ರಿಂದ 27 ಡಿಗ್ರಿಯೊಳಗೆ ಇರಲಿ ಎಂದು ಶಿಫಾರಸು ಇದೆ. ನಿಮ್ಮ ಅಂಗಡಿಗೆ ಅದು ಬೇಕಿಲ್ಲ. ಬೇಸಿಗೆಗೆ ಮುಂಚೆ ಶೀಟಿನ ಮೇಲೆ ದಪ್ಪಗೆ ಸುಣ್ಣ ಬಳಿಸಿ. ನಮ್ಮ ಕಡೆಯ ಏಪ್ರಿಲ್ ಗಾಳಿ ಒಣಗಿರುವುದರಿಂದ ನೀರಿನ ಏರ್ ಕೂಲರ್ ಕೋಣೆಯನ್ನು ಚೆನ್ನಾಗಿ ತಂಪು ಮಾಡುತ್ತದೆ, ಆದರೆ ಅದರ ಮುಖ ಡಬ್ಬಿಯ ಕಡೆ ಇರಬಾರದು. ಹನಿಗಳ ಜೊತೆ ನೀರಿನ ಲವಣವೂ ಹಾರಿಬಂದು ಧೂಳಿನ ಮೇಲೆ ಕೂತರೆ ಅಲ್ಲಿ ಕರೆಂಟ್ ಸೋರಲು ದಾರಿಯಾಗುತ್ತದೆ. ಯುಪಿಎಸ್ ಬ್ಯಾಟರಿಗೂ ಈ ತಂಪು ಒಳ್ಳೆಯದು. ಸುಮಾರು 10 ಡಿಗ್ರಿ ಏರಿದರೆ ಅದರ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಬ್ಯಾಟರಿಯವರ ವಾಡಿಕೆಯ ಲೆಕ್ಕ.

ನೀರಿನ ಕೂಲಿಂಗ್ ಬೇಡ. ನೀರು ಬಿಸಿಯನ್ನು ಚಿಪ್ಪಿನಿಂದ ಎತ್ತಿ ರೇಡಿಯೇಟರ್‌ಗೆ ಒಯ್ಯುತ್ತದೆ, ರೇಡಿಯೇಟರ್ ಅದನ್ನು ಅದೇ ಕೋಣೆಯ ಗಾಳಿಗೇ ಬಿಡಬೇಕು. ಅದರ ಫಿನ್‌ಗಳು ಹೀಟ್‌ಸಿಂಕ್‌ಗಿಂತ ಒತ್ತಾಗಿರುವುದರಿಂದ ಬೇಗ ಕಟ್ಟಿಕೊಳ್ಳುತ್ತವೆ. ಜೊತೆಗೆ ಪಂಪ್ ಎಂಬ ಇನ್ನೊಂದು ಕೆಡುವ ವಸ್ತು. ಶುಚಿ ಮಾಡಿದ ಮೇಲೂ ಅಂತರ 45ಕ್ಕಿಂತ ಕೆಳಗಿಳಿಯದಿದ್ದರೆ ಮಾತ್ರ ಹೀಟ್‌ಪೈಪ್ ಇರುವ ಎತ್ತರದ ಟವರ್ ಹೀಟ್‌ಸಿಂಕ್ ಹಾಕಿಸಿ. ಹೀಟ್‌ಪೈಪ್ ಎಂದರೆ ಗಾಳಿ ಹೀರಿ ತೆಗೆದು, ಸ್ವಲ್ಪವೇ ನೀರು ಹಾಕಿ ಮುಚ್ಚಿದ ತಾಮ್ರದ ಕೊಳವೆ. ಒಳಗೆ ಒತ್ತಡ ತೀರ ಕಡಿಮೆಯಾದ್ದರಿಂದ ನೀರು 100 ಡಿಗ್ರಿಯವರೆಗೆ ಕಾಯದೆ ಬಹಳ ಮೊದಲೇ ಆವಿಯಾಗಿ ಫಿನ್‌ಗಳ ಕಡೆಗೆ ಹೋಗುತ್ತದೆ, ಅಲ್ಲಿ ಬಿಸಿ ಬಿಟ್ಟು ನೀರಾಗಿ ಒಳಮೈಯ ಬತ್ತಿಯಂಥ ಪದರದಲ್ಲಿ ಹಿಂತಿರುಗುತ್ತದೆ. ಗಟ್ಟಿ ತಾಮ್ರಕ್ಕಿಂತ ಎಷ್ಟೋ ಪಟ್ಟು ಬೇಗ ಬಿಸಿ ಸಾಗಿಸುವ ಈ ಕೊಳವೆಯನ್ನು ಜಾರ್ಜ್ ಗ್ರೋವರ್ 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ರೂಪಿಸಿದರು. ಫಿನ್ ಸಂದು ಅಗಲವಾಗಿರುವ ಟವರನ್ನೇ ಕೇಳಿ ತೆಗೆದುಕೊಳ್ಳಿ.

ಸಂಡೂರಿನ ಧೂಳು ಬೇರೆಯ ಜಾತಿ. ಅಲ್ಲಿನ ದೋಣಿಮಲೆಯ ಸುತ್ತಿನ ಕಬ್ಬಿಣದ ಅದಿರು ಹೆಮಟೈಟ್. ಅದರ ಸಾಂದ್ರತೆ 5ರ ಮೇಲೆ, ಮಾಮೂಲಿ ಮಣ್ಣಿನ ಕಣಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ಭಾರ. ಆ ಕೆಂಪು ಪುಡಿ ಒಣಗಿರುವಾಗ ಕರೆಂಟ್ ಅಷ್ಟಾಗಿ ಹರಿಸುವುದಿಲ್ಲ, ಹಾಗಾಗಿ ನೇರವಾಗಿ ಶಾರ್ಟ್ ಆಗುವ ಭಯ ಕಡಿಮೆ. ಅಪಾಯ ಎರಡು. ಗಡುಸಾದ ಕಣ ಫ್ಯಾನ್‌ನ ಬೇರಿಂಗ್ ಸವೆಸುತ್ತದೆ. ಮತ್ತೆ ಜೂನ್‌ನಲ್ಲಿ ತೇವ ಬಂದಾಗ ಅದು ಫಿನ್‌ಗಳ ಮೇಲೆ ಗಾರೆಯಂತೆ ಹಿಡಿದುಕೊಳ್ಳುತ್ತದೆ. ನಿಮ್ಮ ತಮ್ಮನವರು ಡಬಲ್ ಬಾಲ್ ಬೇರಿಂಗ್ ಫ್ಯಾನ್ ಹಾಕಿಸಲಿ, ಜಾಲರಿಯನ್ನು ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಲಿ, ಲಾರಿ ನಿಲ್ಲುವ ಕಡೆಯ ಕಿಟಕಿ ಮುಚ್ಚಿರಲಿ, ಮಳೆ ಶುರುವಾಗುವ ಮುಂಚೆ ಒಮ್ಮೆ ಡಬ್ಬಿ ಬಿಚ್ಚಿ ಶುಚಿಮಾಡಿಸಲಿ.

ಕಂಪ್ಲಿಯ ಮಿಲ್ಲಿನಲ್ಲಿ ಹಾರುವುದು ಹಗುರವಾದ ಹೊಟ್ಟು ಮತ್ತು ತೌಡಿನ ಧೂಳು. ಅದು ಜಾಲರಿಯಲ್ಲೇ ಸಿಕ್ಕಿಕೊಳ್ಳುತ್ತದೆ, ಒಳ್ಳೆಯದೇ. ಆದರೆ ಭತ್ತ ಬರುವ ಕಾಲದಲ್ಲಿ ಒಂದೆರಡು ದಿನಕ್ಕೇ ಜಾಲರಿ ಮುಚ್ಚಿಹೋಗಿ ಗಾಳಿಯೇ ನಿಲ್ಲುತ್ತದೆ. ನೋಡುವವರಿಲ್ಲದ ಕಡೆ ಜಾಲರಿ ಇದ್ದೂ ದಂಡ. ಮಾವನವರದು ಹೊಸ ಖರೀದಿಯಾದ್ದರಿಂದ ಅವರಿಗೆ ಬೇರೆಯದೇ ಸಲಹೆ ಕೊಡುತ್ತೇನೆ: ಬಿಲ್ಲು, ತೂಕದ ಚೀಟಿ, ಲೆಕ್ಕಪತ್ರದ ಕೆಲಸಕ್ಕೆ 65 ವ್ಯಾಟ್ ಪ್ರೊಸೆಸರ್ ಬೇಕಾಗಿಯೇ ಇಲ್ಲ. 6ರಿಂದ 15 ವ್ಯಾಟಿನ ಪ್ರೊಸೆಸರ್ ಇರುವ, ಫ್ಯಾನ್ ಇಲ್ಲದ ಮಿನಿ ಪಿಸಿಗಳು ಸಿಗುತ್ತವೆ. ಅವುಗಳ ಮೈಯೇ ಹೀಟ್‌ಸಿಂಕ್, ಹೊರಗೆ ಅಗಲ ಸಂದಿನ ಫಿನ್‌ಗಳು, ಟಿ.ಸಿ.ಯ ಹಾಗೆ. ಒಳಗೆ ಗಾಳಿ ನುಗ್ಗಿಸುವ ಫ್ಯಾನೇ ಇಲ್ಲವಾದ್ದರಿಂದ ಧೂಳು ಎಳೆದುಕೊಳ್ಳುವ ಪ್ರಶ್ನೆಯೂ ಇಲ್ಲ. ಗೋಡೆಗೆ ಬ್ರಾಕೆಟ್ ಹಾಕಿಸಿ ಫಿನ್‌ಗಳು ನೆಟ್ಟಗೆ, ಮೇಲಿನಿಂದ ಕೆಳಕ್ಕೆ ಇರುವಂತೆ ಕೂರಿಸಬೇಕು. ಎರಡು ದಿನಕ್ಕೊಮ್ಮೆ ಒಣ ಬ್ರಶ್ಶಿನಿಂದ ಸವರಿದರಾಯಿತು. ಅದರ ಮೇಲೆ ಬಿಲ್ ಪುಸ್ತಕ, ಫೈಲುಗಳನ್ನು ಇಡಬೇಡಿ ಎಂದು ಗುಮಾಸ್ತರಿಗೆ ಹೇಳಿಬಿಡಲಿ.